ಬಿದ್ದವನಿಗೆ ಚಪ್ಪಾಳೆ

ಮಾರ್ಚ್ ೯, ಸಂಜೆ

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಇವತ್ತೂ ಸ್ಟೇಷನ್ನಿನಿಂದ ವಾಪಸ್ ಓಡಿ ಬಂದೆ. ಆರಿಸಿದ್ದೆ. ಟೂರ್‌ಗೆ ತಡವಾಯಿತು. ಗೋಪುರದ ಬುಡದಲ್ಲಿ ಮೈದುನ ಗೆನ್‌ಸಾಕು ಹಳದಿ ಬಾವುಟ ಹಿಡಿದು ನಿಂತಿದ್ದ.

"ಬನ್ನಿ ಅತ್ತಿಗೆ. ನೀವಿಲ್ದೆ ಗೋಪುರ ವಾಲ್ತಾ ಇತ್ತು, ಇಷ್ಟೊತ್ತೂ ನಾನೇ ಒತ್ತಿ ಹಿಡ್ಕೊಂಡಿದ್ದೆ."

ಗುಂಪು ನಕ್ಕಿತು. ನಾನೂ ನಕ್ಕೆ. ಹಲ್ಲು ಮಾತ್ರ.

ಮೊದಲು ಗೋಪುರ ಹತ್ತಿಸಿ ಅದೃಷ್ಟ ಕೊಡುವ ಬಿಲಿಕೆನ್ ಮೂರ್ತಿಯ ಅಂಗಾಲು ಉಜ್ಜಿಸುವುದು. ಆಮೇಲೆ ನಿಶಿವಾಕಿಯ ಅಂಗಡಿಯಲ್ಲಿ ಕಡ್ಡಿಗೆ ಚುಚ್ಚಿ ಕರಿದ ಕುಶಿಕಾತ್ಸು. ಕಚ್ಚಿದ ಕಡ್ಡಿ ಮತ್ತೆ ಸಾಸಿಗೆ ಅದ್ದಬೇಡಿ ಎಂದು ಅವನ ಕೂಗಾಟ. ಮಧ್ಯಾಹ್ನ ಕೋಟೆ. ಕೊನೆಗೆ ದೋತೊನ್‌ಬೊರಿ ಕಾಲುವೆಯ ದೋಣಿ. ಗೆನ್‌ಸಾಕು ಮುಂದೆ, ನಾನು ಬಾಲ. ಯಾರೂ ತಪ್ಪಿಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ತಪ್ಪಿಹೋದರೆ? ಕಾಲುವೆಗೆ ಬಿದ್ದರೆ? ದಿನವಿಡೀ ಅದೇ ದಿಗಿಲು.

ಸೇತುವೆಯ ಮೇಲೆ ಇವತ್ತೂ ಆ ಜೋಕು.

"ನಂಗೊಬ್ಬ ಜೊತೆಗಾರ ಇದ್ದ, ತೊಕುಜಿ ಅಂತ. ನಗ್ಸೋಕೆ ಅಂತ ಬೀಳೋದ್ರಲ್ಲಿ ಅವನ್ನ ಮೀರ್ಸೋರು ಒಸಾಕಾದಲ್ಲೇ ಇರ್ಲಿಲ್ಲ. ಹೋದ ವರ್ಷ ಎಷ್ಟು ಚೆನ್ನಾಗಿ ಬಿದ್ದ ಅಂದ್ರೆ... ಇನ್ನೂ ಎದ್ದಿಲ್ಲ!"

ಘೊಳ್ಳೆಂದರು. ನನ್ನ ಗಂಡ. ನನ್ನ ಗಂಡನ ಸಾವು. ಹಿಂದೆ ಛತ್ರಿಗಳ ಕಟ್ಟು ಹೊತ್ತು ನಿಂತವಳು ಅವನ ಹೆಂಡತಿ ಎಂದು ಆ ಗುಂಪಿಗೆ ಗೊತ್ತಿಲ್ಲ. ಗೆನ್‌ಸಾಕುಗೆ ಗೊತ್ತು.

ಮಾರ್ಚ್ ೧೦

ನಿದ್ದೆ ಇಲ್ಲ. ಇಲ್ಲಿಯಾದರೂ ಬರೆದುಬಿಡುತ್ತೇನೆ.

ಕಂಪನಿ ಬೇರೆಯವರದಾದರೂ ಈ ಟೂರ್ ಕಟ್ಟಿದ್ದು ಅಣ್ಣತಮ್ಮ ಇಬ್ಬರೂ. ತೊಕುಜಿ ಮಾತು ಕಟ್ಟುವವನು, ಗೆನ್‌ಸಾಕು ತಾಳ ಹಾಕುವವನು. ಅಣ್ಣಾ ಅಣ್ಣಾ ಎಂದು ನನ್ನ ಅಡುಗೆಮನೆಯಲ್ಲೇ ಉಂಡು ಬೆಳೆದವನು. ತೊಕುಜಿಯನ್ನು ಸುಡುವ ದಿನ ಬರಲಿಲ್ಲ. ಚಿತಾಗಾರದ ಬೆಂಚಿನಲ್ಲಿ ಬಾಗಿಲು ನೋಡುತ್ತಾ ಕೂತಿದ್ದೆ. ಸುಟ್ಟ ಮೇಲೆ ಇಬ್ಬಿಬ್ಬರು ಸೇರಿ ಕಡ್ಡಿಯಿಂದ ಮೂಳೆ ಆರಿಸುವಾಗ ನನ್ನೆದುರು ನಿಂತು ಕಡ್ಡಿ ಹಿಡಿಯಬೇಕಾದ ತಮ್ಮನ ಜಾಗ ಖಾಲಿ. ಆಮೇಲೆ ನಿಶಿವಾಕಿ ಬಾಯಿ ತಪ್ಪಿ ಹೇಳಿಬಿಟ್ಟ. ಅದೇ ಹೊತ್ತಿಗೆ ಗೆನ್‌ಸಾಕು ಗೋಪುರದ ಕೆಳಗೆ ಗಿರಾಕಿಗಳನ್ನು ನಗಿಸುತ್ತಿದ್ದನಂತೆ.

ತಿಂಗಳಾದ ಮೇಲೆ ಬಂದ. ಮನೆಯಲ್ಲಿ ಒಬ್ಬರೇ ಕೂತು ಏನ್ಮಾಡ್ತೀರಿ ಅತ್ತಿಗೆ, ಟೂರ್‌ನ ಬಾಲ ಹಿಡ್ಕೊಂಡು ಬನ್ನಿ ಎಂದ. ಒಪ್ಪಿಕೊಂಡೆ. ದೂರದಿಂದ ಏನೂ ಮಾಡಲಾಗುವುದಿಲ್ಲ. ಹತ್ತಿರ ಇರಬೇಕು.

ಮಾರ್ಚ್ ೧೪, ಸಂಜೆ

ಸಿಕ್ಕಿತು! ಅಕ್ಷರ ಓರೆಯಾಗುತ್ತಿದೆ.

ನಿಶಿವಾಕಿಯ ಅಂಗಡಿಯಲ್ಲಿ ಊಟ. ಗೆನ್‌ಸಾಕು ಬಾಯಿ ತುಂಬ ಸಿಗಡಿ. ನಗೋಯಾದ ಒಬ್ಬಳು ಹುಡುಗಿ ಎದುರು ಬಂದು ಬೆರಳು ಬಂದೂಕು ಮಾಡಿ "ಢಂ!" ಎಂದಳು. ಒಸಾಕಾದವರಿಗೆ ಹಾಗೆ ಮಾಡಿದರೆ ಸತ್ತ ಹಾಗೆ ಬೀಳುತ್ತಾರೆ ಎಂದು ಟಿ.ವಿ.ಯಲ್ಲಿ ನೋಡಿದ್ದಳಂತೆ. ದೋಣಿ ಇಳಿದ ಮೇಲೆ ಒಂದು ಸಲ ಬೀಳುವುದು ಟೂರ್‌ನಲ್ಲಿ ಇದ್ದದ್ದೇ. ಆದರೆ ಊಟದ ನಡುವೆ!

ಬಿದ್ದ. ಕಡ್ಡಿ ಕೈಯಲ್ಲಿದ್ದ ಹಾಗೇ, ಸಾಸೆಲ್ಲ ಶರಟಿನ ಮೇಲೆ. ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಮೇಲೆ ಮಾಡಿದ.

ನಿಶಿವಾಕಿ ಕೇಳಿದ, "ಅಲ್ಲಯ್ಯಾ, ತಿನ್ನೋ ಹೊತ್ತಲ್ಲಿ ಬೇಡಮ್ಮ ಅಂದಿದ್ರೆ ಆಗ್ತಿರ್ಲಿಲ್ವಾ?"

"ಢಂ ಅಂದ್ಮೇಲೆ ನಿಂತ್ಕೊಂಡೇ ಇರೋಕೆ ನಾನೇನು ಟೋಕಿಯೋದವನಾ?"

ಅಂದರೆ... ಇವನಿಗೆ ಬೇಡ ಎನ್ನಲು ಬರುವುದಿಲ್ಲ. ಈ ಊರಿನ ಒಬ್ಬ ಗಂಡಸಿಗೂ ಬರುವುದಿಲ್ಲ. ಅದರಲ್ಲೂ ಆ ಗೋಪುರದ ನೆರಳಲ್ಲಿ ಹುಟ್ಟಿದ ಇವನಿಗೆ ಸುತರಾಂ ಬರುವುದಿಲ್ಲ.

ಬೀಳಲಿ. ನನ್ನ ಗಂಡ ಬಿದ್ದದ್ದನ್ನು ಮಾರಿಕೊಂಡು ತಿನ್ನುವವನು — ತಾನೂ ಬೀಳಲಿ.

ಮಾರ್ಚ್ ೧೬

ಶುರು ಮಾಡಿದೆ. ಬಾಲದಲ್ಲಿ ಉಳಿಯುವವರು ಯಾವಾಗಲೂ ಇರುತ್ತಾರೆ. ಫೋಟೋದವರು, ಕಾಲು ನೋವಿನವರು, ಮಕ್ಕಳು. ಮೆಲ್ಲಗೆ ಕಿವಿಯಲ್ಲಿ ಹಾಕಿದೆ. "ಆ ಹಳದಿ ಬಾವುಟದೋರಿದಾರಲ್ಲ, ಎಲ್ಲಿ ಬೇಕಾದ್ರೂ ಢಂ ಅನ್ನಿ. ಅವರಿಗೆ ಭಾಳ ಖುಷಿ. ಯಾರೂ ಅನ್ನದಿದ್ರೆ ಬೇಜಾರು ಮಾಡ್ಕೋತಾರೆ, ಪಾಪ."

ಪಾಪ ಎಂದು ಕೂಡ ಸೇರಿಸಿದೆ. ಎಲ್ಲಿಂದ ಬಂತೋ ಆ ಮಾತು ನನ್ನ ಬಾಯಿಗೆ!

ಕೋಟೆಯ ಕಂದಕದ ಹತ್ತಿರ ಬಿದ್ದ. ಲಿಫ್ಟಿನಲ್ಲಿ ಬಿದ್ದ. ದೋಣಿ ಹತ್ತುವಾಗ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಆಗ ನನಗೇ ಎದೆ ಧಸಕ್ಕೆಂದಿತು, ನೀರಿಗೆ ಬಿದ್ದರೆ ಪೊಲೀಸರು ಬರುತ್ತಾರೋ ಎಂದು. ಬೀಳಲಿಲ್ಲ.

ಮನೆಗೆ ಬಂದು ತೊಕುಜಿಯ ಫೋಟೋ ಮುಂದೆ ಅನ್ನ ಇಟ್ಟು ಎಲ್ಲ ಹೇಳಿದೆ. ಒಂದೂ ಬಿಡದೆ.

ಮಾರ್ಚ್ ೨೯

ಮೊಣಕಾಲಿಗೆ ಪಟ್ಟಿ ಹಾಕಿಕೊಂಡು ಬಂದಿದ್ದಾನೆ. ಪ್ಯಾಂಟಿನ ಮೇಲೆ ಉಬ್ಬು ಕಾಣುತ್ತದೆ. ಒಳಗೊಳಗೇ ಹಾಲು ಕುಡಿದ ಹಾಗಾಯಿತು.

"ಇತ್ತೀಚೆಗೆ ಗಿರಾಕಿಗಳು ಭಾಳ ಚುರುಕಾಗಿದಾರೆ ಅತ್ತಿಗೆ" ಎಂದ, ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತಾ.

"ನಿನ್ನ ಹೆಸರು ದೊಡ್ಡದಾಗಿದೆ ಕಣಪ್ಪ" ಎಂದೆ.

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಗೊತ್ತಾಯಿತೋ? ಯಾವಳಾದರೂ ಆ ಅಕ್ಕನೇ ಹೇಳ್ಕೊಟ್ಟಿದ್ದು ಎಂದುಬಿಟ್ಟಳೋ? ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕುತ್ತಾ ಬಂದೆ. ಗೊತ್ತಾಗಿದ್ದರೆ ಬಯ್ಯುತ್ತಿದ್ದ. ಬಯ್ಯಲಿಲ್ಲ, ಹಾಗಾದರೆ ಗೊತ್ತಿಲ್ಲ. ಅಥವಾ...

ಏಪ್ರಿಲ್ ೬

ಕೋಟೆಯ ತುಂಬ ಹೂವು. ಜನ ಜಾತ್ರೆ. ಬೇರೆ ಟೂರ್‌ನವರೂ ಕಲಿತುಬಿಟ್ಟಿದ್ದಾರೆ, ನಾನು ಹೇಳಿಕೊಡುವುದೇ ಬೇಡ. ಸಕುರಾ ಮರದ ಕೆಳಗೆ ಚಾಪೆ ಹಾಸಿ ಕುಡಿಯುತ್ತಿದ್ದ ಕಚೇರಿಯವರೆಲ್ಲ ಒಟ್ಟಿಗೆ ಢಂ ಎಂದರು. ಉದುರಿದ ಪಕಳೆಗಳ ಮೇಲೆ ಬಿದ್ದ. ಏಳುವಷ್ಟರಲ್ಲಿ ಇನ್ನೊಂದು ಚಾಪೆಯವರು. ಮತ್ತೆ ಬಿದ್ದ.

ಬೆಳ್ಳಗಾಗಿದ್ದ. ತುಟಿ ಕೂಡ.

ಆದರೂ ಸೇತುವೆಯ ಮೇಲೆ ಆ ಜೋಕು ಬಿಡಲಿಲ್ಲ. ಮೇಲುಸಿರು ಬಿಡುತ್ತಾ ಹೇಳಿದ. ಒಂದು ದಿನ ಬಿಟ್ಟಿದ್ದರೆ ನಾನೂ ಒಂದು ದಿನ ಬಿಡುತ್ತಿದ್ದೆನೇನೋ. ಅವನೇ ಬಿಡಲಿಲ್ಲ.

ಏಪ್ರಿಲ್ ೨೦, ಬೆಳಿಗ್ಗೆ

ನಿನ್ನೆಯದು. ಆದ ಹಾಗೇ ಬರೆಯಬೇಕು.

ಟೂರ್ ಶುರುವಿನಲ್ಲೇ, ಗೋಪುರದ ಬುಡದಲ್ಲಿ. ಗೆನ್‌ಸಾಕು ಮೇಲೆ ನೋಡುತ್ತಾ ಏನೋ ಹೇಳುತ್ತಿದ್ದವನು, ಅರ್ಧ ಮಾತಿನಲ್ಲಿ ಬಿದ್ದ.

ಚಪ್ಪಾಳೆ. ಎಲ್ಲರೂ ಫೋನ್ ಎತ್ತಿದರು. ನಿಶಿವಾಕಿ ಅಂಗಡಿಯಿಂದ ಹೊರಗೆ ಬಂದು "ಇವತ್ತಿಂದು ಫಸ್ಟ್ ಕ್ಲಾಸ್ ಕಣಯ್ಯಾ!" ಎಂದ.

ಆದರೆ ಯಾರೂ ಢಂ ಅಂದಿರಲಿಲ್ಲ.

ಮುಂದಿನವರು ಹಿಂದಿನವರು ಅಂದರು ಎಂದುಕೊಂಡರು, ಹಿಂದಿನವರು ಮುಂದಿನವರು ಎಂದು. ನಾನು ಕಿವಿ ನೆಟ್ಟುಕೊಂಡೇ ಇದ್ದೆ. ಆ ಶಬ್ದಕ್ಕೇ ದಿನವೆಲ್ಲ ಕಾಯುವವಳು ನಾನು. ಯಾರೂ ಅನ್ನಲಿಲ್ಲ. ಬೀಳುವಾಗ ಯಾವಾಗಲೂ ಎದೆ ಹಿಡಿದುಕೊಂಡು ತಿರುಗುತ್ತಾನೆ. ನಿನ್ನೆ ಕೈ ಹಾಗೇ ಜೋತುಬಿತ್ತು. ಮುಖ ಮೊದಲು ನೆಲಕ್ಕೆ ತಾಗಿತು.

ಗೊತ್ತಾಯಿತು. ಆ ಕೂಡಲೇ ಗೊತ್ತಾಯಿತು. ನಿಂತೆ.

ಬಿದ್ದಿರು ಎಂದುಕೊಂಡೆ. ಏಳಬೇಡ. ನೀನೂ ಚೆನ್ನಾಗೇ ಬಿದ್ದಿದ್ದೀಯ.

ಎಷ್ಟು ಹೊತ್ತು ನಿಂತೆನೋ. ಆಮೇಲೆ ಅವನ ಬೂಟು ಒಂದು ಸಲ ಅದುರಿತು. ಅದಕ್ಕೆ ಬಾಯಿ ಬಂತು ನನಗೆ.

"ಆಂಬುಲೆನ್ಸ್ ಕರೀರಿ! ನಿಜವಾಗ್ಲೂ ಬಿದ್ದಿದಾನೆ!"

ಇನ್ನೂ ಜೋರಾಗಿ ನಕ್ಕರು.

"ಫುಸಾಯೊ ಅಕ್ಕನೂ ಆಟಕ್ಕಿಳಿದ್ರಪ್ಪೋ!" ಎಂದ ನಿಶಿವಾಕಿ. "ಆಂಬುಲೆನ್ಸ್ ಯಾಕಕ್ಕ, ಸುಮ್ನೆ ಓಡಾಟ. ಪುರೋಹಿತರನ್ನೇ ಕರೆಸಿ!"

"ಆಟ ಅಲ್ವೋ! ನನ್ನಾಣೆ, ಆಟ ಅಲ್ಲ!"

"ಅಳ್ತಾ ಬೇರೆ ಇದಾರೆ! ತೊಕುಜಿಗಿಂತ ಚೆನ್ನಾಗಿ ಮಾಡ್ತಾರೆ!"

ಕೂಗಿದಷ್ಟೂ ನಗು. ಅವನ ಪಕ್ಕ ಬಿದ್ದು ಅಲುಗಾಡಿಸಿದೆ, ಅದಕ್ಕೂ ಚಪ್ಪಾಳೆ. ನಾನೇ ಕಲಿಸಿದ್ದಲ್ಲವೇ. ಯಾರು ನಂಬುತ್ತಾರೆ? ಆಗ ಶೌಚಾಲಯಕ್ಕೆ ಹೋಗಿದ್ದ ದೂರದ ಉತ್ತರದ ಅಕಿತಾ ಕಡೆಯ ಒಬ್ಬ ಮುದುಕಿ ಬಂದಳು. ಅವಳಿಗೆ ಢಂ ಗೊತ್ತಿಲ್ಲ, ಏನೂ ಗೊತ್ತಿಲ್ಲ. ನೆಲದ ಮೇಲೆ ಮನುಷ್ಯ ಬಿದ್ದಿದ್ದಾನೆ, ಅಷ್ಟೇ ಗೊತ್ತು. ಮಂಡಿಯೂರಿ ಅವನ ರೆಪ್ಪೆ ಎತ್ತಿ ನೋಡಿದಳು. ತಲೆಯೆತ್ತಿ, "ಈ ಊರೋರಿಗೆ ಏನಾಗಿದೆ?" ಎಂದಳು.

ಆಗ ನಗು ನಿಂತಿತು.

ಏಪ್ರಿಲ್ ೨೪

ಸಾಯಲಿಲ್ಲ. ಸ್ಟ್ರೋಕಂತೆ. ಬಲಗೈ, ಬಲಗಾಲು ಹೋಗಿವೆ, ಮಾತು ಕಲಸಿಕೊಂಡಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು.

ಅವನ ಮಗಳು ಮಿಯೊ ಮನೆಗೆ ಬಂದಿದ್ದಳು. ಬಾಗಿಲಲ್ಲೇ ಹಣೆ ನೆಲಕ್ಕೆ ತಾಗಿಸಿದಳು. "ದೊಡ್ಡಮ್ಮ, ಅಷ್ಟು ಜನ ಇದ್ರೂ ನಿಮ್ಮೊಬ್ರಿಗೇ ಗೊತ್ತಾಯ್ತಲ್ಲ. ಅಪ್ಪನ್ನ ನೀವೇ ಉಳ್ಸಿದ್ರಿ."

ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ?

ಕೆಂಪು ಕಾಳಿನ ಹೂರಣದ ಸಿಹಿ ತಂದಿದ್ದಳು. ತಿನ್ನಲಾಗಲಿಲ್ಲ. ಎಸೆಯಲೂ ಆಗಲಿಲ್ಲ. ಹಾಗೇ ಇದೆ.

ಅವನು ಸತ್ತಿದ್ದರೆ ಮುಗಿಯುತ್ತಿತ್ತು. ಬದುಕಿದ. ಹಾಗಿದ್ದರೆ ನನ್ನ ಸಿಟ್ಟೂ ಬದುಕಲಿ. ಕಾಲು ಹೋಯಿತೆಂದು ಮಾಫಿ ಇಲ್ಲ. ಸುಡುವ ದಿನ ಎರಡೂ ಕಾಲು ಚೆನ್ನಾಗಿದ್ದವು, ಆಗ ಬರಲಿಲ್ಲ.

ಮೇ ೪

ಪ್ರವಾಸದ ಕಂಪನಿಯಿಂದ ಕಾಗದ. ಅರ್ಧಕ್ಕರ್ಧ ಕಷ್ಟದ ಕಾಂಜಿ ಅಕ್ಷರ, ನನಗೆ ಓದಲು ಬಾರದವು, ನಿಶಿವಾಕಿ ಓದಿ ಹೇಳಿದ. ಇನ್ನು ಮುಂದೆ ನಾನೇ ಮುಂದೆ. ಬಾವುಟ ನನ್ನ ಕೈಗೆ.

ಇವತ್ತು ಮೊದಲ ದಿನ. ತೊಕುಜಿಯ ಮಾತುಗಳೇ ಬಾಯಿಗೆ ಬಂದವು. ಬಿಲಿಕೆನ್ ಹತ್ತಿರ ನಕ್ಕರು, ಕೋಟೆಯಲ್ಲಿ ನಕ್ಕರು. ಸೇತುವೆಯ ಮೇಲೆ ಆ ಜೋಕಿನ ಜಾಗ ಬಂದಾಗ ಬಾಯಿ ಮುಚ್ಚಿಕೊಂಡೆ. ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ? ಇನ್ನು ಯಾರೂ ಅದನ್ನು ಹೇಳುವುದಿಲ್ಲ. ಗೆದ್ದೆ.

ಎಲ್ಲರೂ ಏನೋ ಬರುತ್ತದೆ ಎಂದು ನನ್ನ ಮುಖ ನೋಡುತ್ತಾ ನಿಂತಿದ್ದರು. ಎಷ್ಟು ಉದ್ದ ಆ ಸೇತುವೆ.

ಮೇ ೧೧, ಮಧ್ಯಾಹ್ನ

ಮಿಯೊ ಫೋನ್ ಮಾಡಿದ್ದಳು. ಅಪ್ಪನಿಗೆ ಮಾತು ಸ್ವಲ್ಪ ಸ್ವಲ್ಪ ಬರುತ್ತಿದೆಯಂತೆ. ಎದ್ದಾಗಿನಿಂದ ಅತ್ತಿಗೆ ಅತ್ತಿಗೆ ಎನ್ನುತ್ತಾನಂತೆ.

"ನೀವು ಸೇತುವೆ ಮೇಲೆ ಆ ಜೋಕು ಹೇಳ್ಲಿಲ್ಲ ಅಂತ ನಿಶಿವಾಕಿ ಮಾಮ ಬಂದು ಹೇಳ್ಬಿಟ್ರು. ಅವತ್ತಿಂದ ಊಟಾನೇ ಸೇರ್ತಿಲ್ಲ ಅಪ್ಪಂಗೆ. ದೊಡ್ಡಮ್ಮ, ಅದು ಅಪ್ಪ ಮಾಡಿದ ಜೋಕಲ್ಲ. ದೊಡ್ಡಪ್ಪ ಆಸ್ಪತ್ರೇಲಿದ್ದಾಗ..."

"ಒಲೆ ಮೇಲೆ ಹಾಲಿದೆ ಕಣಮ್ಮ" ಎಂದು ಇಟ್ಟುಬಿಟ್ಟೆ.

ಹಾಲು ಇರಲಿಲ್ಲ. ಒಲೆಯೂ ಹೊತ್ತಿರಲಿಲ್ಲ.

ಸುಳ್ಳು. ಅಪ್ಪನನ್ನು ಉಳಿಸಿಕೊಳ್ಳಲು ಹೇಳುತ್ತಿದ್ದಾಳೆ. ಸುಡುವ ದಿನ ಬಾರದ್ದಕ್ಕೂ ಒಂದು ಕಾರಣ ಕಟ್ಟುತ್ತಾಳೆ ಈಗ. ಟೂರ್ ನಿಲ್ಲಿಸಬೇಡ, ನನ್ನ ಮೂಳೆ ಎಲ್ಲೂ ಓಡಿಹೋಗಲ್ಲ, ಹೋಗಿ ಜನರನ್ನು ನಗಿಸು ಎಂದು ತೊಕುಜಿಯೇ ಹೇಳಿದ್ದ ಎನ್ನುತ್ತಾಳೆ.

ಅವಳು ಅದನ್ನು ಹೇಳಲೇ ಇಲ್ಲ. ನಾನೇ ಬರೆದೆ. ಅವನ ದನಿಯಲ್ಲೇ ಬಂತು ನನಗೆ, ಕೆಮ್ಮಿನ ಸಮೇತ.

ಅವನು ಹಾಗೆ ಹೇಳುವವನೇ.

ಇಲ್ಲ. ಗೆನ್‌ಸಾಕುಗೆ ಕಾರಣ ಇರಬಾರದು. ಕಾರಣ ಇದ್ದರೆ ನಾನು ಮಾಡಿದ್ದು ಏನು? ಆ ಹೂವಿನ ಕೆಳಗೆ, ಆ ಗೋಪುರದ ಬುಡದಲ್ಲಿ, ನಿಂತು ನೋಡಿದ್ದು ಏನು?

ಮತ್ತೆ ಫೋನ್. ಅವಳೇ. ಹಿಂದೆ ಒಂದು ಕಲಸಿದ ಗಂಡು ದನಿ ಇರುತ್ತದೆ ಈ ಸಲ, ಖಂಡಿತ. ಎತ್ತುವುದಿಲ್ಲ. ನಿಲ್ಲಲಿ.

ನಿಂತಿತು.

ಮತ್ತೆ ಶುರುವಾಯಿತು. ಎತ್ತಿದರೆ —