ಚಮಚದ ಹಿಡಿಯ ಕ್ಲಾರಿನೆಟ್

ಮನೆ, ಮೂರನೇ ಮಹಡಿ
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಕಿರಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಸೊಂಟನೋವು ಹೇಗಿದೆ? ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವಾಗ ಮೊಣಕಾಲು ಬಗ್ಗಿಸು, ಬೆನ್ನು ಬಗ್ಗಿಸಬೇಡ ಎಂದು ನರ್ಸ್ ಆದ ನಿನಗೆ ಹೈಸ್ಕೂಲು ಓದಿದ ನಾನು ಹೇಳಿಕೊಡಬೇಕಾಗಿದೆ. ಅಳಿಯಂದಿರ ಕೆಮ್ಮು ನಿಂತಿತೇ? ಫೋನಿನಲ್ಲೇ ಮಾತಾಡಬಹುದಿತ್ತಲ್ಲ, ಕಾಗದ ಯಾಕೆ ಎಂದು ಕೇಳಬೇಡ. ಈ ಎರಡು ಕೋಣೆಯಲ್ಲಿ ಫೋನಿನಲ್ಲಿ ಆಡಿದ್ದೆಲ್ಲ ನಿನ್ನಪ್ಪನ ಬಲಗಿವಿಗೆ ಬೀಳುತ್ತದೆ. ಸೈನ್ಯದಲ್ಲಿದ್ದಾಗ ಶೆಲ್ ಸಿಡಿದು ಎಡಗಿವಿ ಹೋದದ್ದು ನಿಜ, ಆದರೆ ಉಳಿದ ಒಂದು ಕಿವಿ ಎರಡರ ಕೆಲಸ ಮಾಡುತ್ತದೆ.

ನನಗೇನೂ ಆಗಿಲ್ಲ. ಲಿಫ್ಟು ಕೆಟ್ಟು ಐದು ತಿಂಗಳಾಯಿತು. ನಾನು ಕಂಬಿ ಹಿಡಿದುಕೊಂಡು ಇಳಿದು ಹತ್ತುತ್ತೇನೆ. ನಿನ್ನಪ್ಪ ಇಳಿದೇ ಇಲ್ಲ. ಹಾಸಿಗೆಯಿಂದ ಕಿಟಕಿಗೆ ಹನ್ನೊಂದು ಹೆಜ್ಜೆ, ಕಿಟಕಿಯಿಂದ ಹಾಸಿಗೆಗೆ ಹನ್ನೊಂದು ಹೆಜ್ಜೆ, ಅಷ್ಟೇ ಅವರ ಓಡಾಟ. ಕಿಟಕಿಗೆ ಸರಳು, ಸರಳಿನಾಚೆ ಎದುರು ಕಟ್ಟಡದ ಗೋಡೆ, ಗೋಡೆಯ ಮೇಲೊಂದು ತುಕ್ಕು ಹಿಡಿದ ನೀರಿನ ಪೈಪು. ಅದನ್ನೇ ನೋಡುತ್ತಾರೆ. ಊಟ ಅರ್ಧಕ್ಕೆ ಬಿಡುತ್ತಾರೆ. ಅವರ ಬೆಲ್ಟಿಗೆ ನಾನೇ ಮೊಳೆ ಕಾಯಿಸಿ ಎರಡು ಹೊಸ ತೂತು ಮಾಡಿಕೊಟ್ಟಿದ್ದೇನೆ. ಸಂಜೆ ಐದಕ್ಕೆ ಮಾತ್ರ ಶರ್ಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಊರುಗೋಲನ್ನು ಕ್ಲಾರಿನೆಟ್ಟಿನ ಹಾಗೆ ಎದೆಗೆ ಓರೆಯಾಗಿ ಹಿಡಿದು ಅದರ ಮೇಲೆ ಬೆರಳಾಡಿಸುತ್ತಾರೆ. ಊದುವುದಿಲ್ಲ, ತುಟಿ ಅಲುಗಿಸುವುದಿಲ್ಲ. ಮರದ ಮೇಲೆ ಉಗುರು ಬಡಿಯುವ ಸದ್ದು ಅಡುಗೆಮನೆಗೆ ಬರುತ್ತದೆ. ಐವತ್ತು ವರ್ಷ ಕೇಳಿದವಳು ನಾನು. ಯಾವ ರಾಗ, ಎಲ್ಲಿಗೆ ಬಂದರು, ಎಲ್ಲಿ ನಿಂತರು ಎಂದು ಆ ಟಕಟಕದಲ್ಲೇ ತಿಳಿಯುತ್ತದೆ. ಬಾಗಿಲು ಹಾಕಿಕೊಂಡರೂ ತಿಳಿಯುತ್ತದೆ.

ನೀನು ಹುಟ್ಟುವ ಮೊದಲಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ನಿನ್ನಪ್ಪ ಸೈನ್ಯದ ಬ್ಯಾಂಡಿನವರಲ್ಲ. ಹೆಗಲ ಮೇಲೆ ಟೆಲಿಫೋನ್ ತಂತಿಯ ಸುರುಳಿ ಹೊತ್ತು ಗುಡ್ಡ ಹತ್ತುತ್ತಿದ್ದವರು. ತಂತಿ ಎಳೆಯುವಾಗಲೇ ಎಡಗೈಯ ಉಂಗುರದ ಬೆರಳು ಅರ್ಧ ಹೋಯಿತು. ನಿವೃತ್ತನಾಗುತ್ತಿದ್ದ ಬ್ಯಾಂಡಿನವನೊಬ್ಬ ತನ್ನ ಹಳೆಯ ಕ್ಲಾರಿನೆಟ್ಟನ್ನು ಇವರ ಕೈಗಿಟ್ಟು, “ಒಂಬತ್ತೂವರೆ ಬೆರಳಲ್ಲಿ ಏನ್ ಊದ್ತೀಯೋ ನೋಡೋಣ” ಎಂದನಂತೆ. ಆ ಮಾತು ಇವರಿಗೆ ನಾಟಿತು. ರಜೆಗೆ ಬಂದಾಗ ನನ್ನ ತವರಿನವರು ಕೊಟ್ಟಿದ್ದ ಆರು ಚಮಚಗಳಲ್ಲಿ ಒಂದರ ಹಿಡಿ ಮುರಿದು, ಬಗ್ಗಿಸಿ, ಬೆರಳು ಮುಟ್ಟದ ತೂತಿಗೆ ಮುಚ್ಚಳದ ಹಾಗೆ ಕೂಡಿಸಿಕೊಂಡರು. ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಒಂದು ಮೆರವಣಿಗೆಯ ರಾಗ ಪೂರ್ತಿ ಬಂತು. ಈಗಲೂ ತವರಿನ ಆ ಚಮಚದ ಡಬ್ಬಿಯಲ್ಲಿ ಐದೇ ಇವೆ. ಸೈನ್ಯ ಬಿಟ್ಟ ಮೇಲೆ ಕಾರ್ಖಾನೆಯ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ನಟ್ಟು ಬೋಲ್ಟು ಎಣಿಸಿದರು. ಭಾನುವಾರ ಕರೆದವರ ಮನೆಗೆಲ್ಲ ಹೋಗಿ ಊದಿದರು. ಜೊತೆಗಾರ ಸೈನಿಕ ತೀರಿಕೊಂಡರೆ ಕರೆಯದಿದ್ದರೂ ಹೋದರು. ನಿನ್ನ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ಕೆಟ್ಟಾಗ ಕತ್ತಲೆಯ ಸಭೆಯನ್ನು ಮುಕ್ಕಾಲು ಗಂಟೆ ಹಿಡಿದು ಕೂರಿಸಿದ್ದು ಅದೇ ಚಮಚದ ಹಿಡಿ. ಯಾರಾದರೂ ಕಲಾವಿದರು ಎಂದರೆ ಮಾತ್ರ ಮುಖ ಸಿಂಡರಿಸುತ್ತಿದ್ದರು. “ನಾನು ಉಗ್ರಾಣದವನು, ಇದು ನನ್ನ ಚಟ” ಎನ್ನುತ್ತಿದ್ದರು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಆರ್ಡರ್ ಬುಕ್ಕು ನಿನಗೆ ನೆನಪಿರಬೇಕು. ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿರುವ ಉದ್ದನೆಯ ಪುಸ್ತಕ. ತಾರೀಖು, ಆದೇಶ, ಕೊಟ್ಟವರು, ಸ್ವೀಕರಿಸಿದವರು. ನೀನು ಕೂದಲು ಕತ್ತರಿಸಿಕೊಂಡು ಬಂದಾಗ ಹತ್ತು ದಿನ ಸೈಕಲ್ ಮುಟ್ಟಬಾರದೆಂದು ನಾನು ಬರೆದಿದ್ದೆ, ನೀನು ಅಳುತ್ತಾ ಸಹಿ ಹಾಕಿದ್ದೆ. ಆದೇಶಗಳಲ್ಲಿ ಹೆಚ್ಚಿನವು ನನ್ನವೇ. ಅದಕ್ಕೇ ಅಲ್ಲವೇ ನಿನ್ನಪ್ಪ ನನ್ನನ್ನು ಕಮಾಂಡರ್ ಸಾಹೇಬರು ಎಂದು ಕರೆಯುವುದು. ಆ ಪುಸ್ತಕಕ್ಕೆ ಒಂದೇ ನಿಯಮ: ಕೊಟ್ಟವರೇ ರದ್ದು ಮಾಡಬೇಕು. ಒಮ್ಮೆ ಅವರು ‘ತಾರಸಿಗೆ ಯಾರೂ ಹತ್ತಕೂಡದು’ ಎಂದು ಬರೆದು ಗಡಿಗೆ ಹೊರಟುಹೋದರು. ಅಲ್ಲಿಂದ ‘ತಾರಸಿ ಆದೇಶ ರದ್ದು’ ಎಂಬ ಕಾಗದ ಬರುವವರೆಗೆ ನಾವು ನಾಲ್ಕು ತಿಂಗಳು ಬಟ್ಟೆಯನ್ನು ಕುರ್ಚಿಗಳ ಮೇಲೆ ಒಣಗಿಸಿದೆವು. ಅಕ್ಕಪಕ್ಕದವರು ಹುಚ್ಚರ ಮನೆ ಎಂದರು. ನನಗೆ ಹೆಮ್ಮೆಯೇ ಆಗಿತ್ತು.

ಎಂಟು ತಿಂಗಳ ಹಿಂದೆ ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದೆ. ಕಣ್ಣಿನೊಳಗೆ ಒತ್ತಡ ಜಾಸ್ತಿ ಎಂದರು. ನನ್ನನ್ನು ಪಕ್ಕಕ್ಕೆ ಕರೆದು ಇನ್ನು ಊದುವ ವಾದ್ಯ ಮುಟ್ಟಕೂಡದು ಎಂದು ಹೇಳಿದರು. ಮನೆಗೆ ಬಂದು ಅದನ್ನು ಪುಸ್ತಕದಲ್ಲಿ ಬರೆದೆ. ನಿನ್ನಪ್ಪ ಓದಿದರು, ಬಹಳ ಹೊತ್ತು ಓದಿದರು, ಸಹಿ ಹಾಕಿ ಪುಸ್ತಕವನ್ನು ತಾವೇ ಮೊಳೆಗೆ ಸಿಕ್ಕಿಸಿದರು. ನಾನು ಕ್ಲಾರಿನೆಟ್ಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಈ ಮನೆಯಲ್ಲಿ ಬೇರೆ ಆದೇಶವೇ ಹುಟ್ಟಿಲ್ಲ. ಆ ಹೊತ್ತಿಗಾಗಲೇ ಅವರ ನೆನಪು ಜಾರುತ್ತಿತ್ತು. ಅದೇ ಮೆರವಣಿಗೆಯ ರಾಗ ಶುರು ಮಾಡಿ ಒಂದೇ ಜಾಗದಲ್ಲಿ ತಪ್ಪುತ್ತಿದ್ದರು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಕೆಳಗಿನ ಮನೆಯಲ್ಲಿ ಟ್ಯೂಷನ್ನಿಗೆ ಬರುವ ಮಕ್ಕಳು ಅದನ್ನು ಎಣಿಸುತ್ತಿದ್ದವು. “ಇವತ್ತು ತಾತ ಒಂಬತ್ತು ಸಲ ಬಿದ್ರು” ಎಂದು ಮೆಟ್ಟಿಲ ಮೇಲೆ ನಗುತ್ತಿದ್ದವು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ಮನೆ ಹೇಳಿದೆ.

ಈಗ ಅವರು ಕರಗುತ್ತಿರುವುದನ್ನು ನೋಡಿ ಹೋದ ವಾರ ನಾನೇ ಬೀಗ ತೆಗೆದು, “ಸ್ವಲ್ಪ ಊದಿ, ಏನೂ ಆಗಲ್ಲ” ಎಂದೆ. ಟ್ರಂಕಿನ ಕಡೆ ಕಣ್ಣು ಹಾಯಿಸಲಿಲ್ಲ, ನನ್ನನ್ನೇ ನೋಡಿದರು. “ಕೊಟ್ಟವರು ರದ್ದು ಮಾಡ್ಲಿ. ಆಗ ಊದ್ತೀನಿ” ಎಂದರು. ಆ ಡಾಕ್ಟರು ದವಾಖಾನೆ ಮುಚ್ಚಿ ಊರು ಬಿಟ್ಟಿದ್ದಾರೆ. ಎಲ್ಲಿ ಹುಡುಕಲಿ? ಟ್ರಂಕಿಗೆ ಮತ್ತೆ ಬೀಗ ಹಾಕಿದೆ. ಅದಕ್ಕೆ ನೀನೊಂದು ಉಪಕಾರ ಮಾಡಬೇಕು. ನಿಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರ ಕೈಯಿಂದ ‘ಊದಬಹುದು, ಹಿಂದಿನ ಆದೇಶ ರದ್ದು’ ಎಂದು ಎರಡು ಸಾಲು ಬರೆಸಿ, ಮೊಹರು ಹಾಕಿಸಿ ಕಳಿಸು. ಕಾರಣ ಕೇಳಿದರೆ ತಾಯಿ ಹೇಳಿದ್ದಾಳೆ ಎನ್ನು. ಬಿಡುವಾದಾಗ ಬಂದು ಹೋಗು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಆದೇಶದ ಮಾತನ್ನು ಇದ್ದ ಹಾಗೆ ನಕಲು ಮಾಡಿ ಕಳಿಸೋಣವೆಂದು ಪುಸ್ತಕ ಇಳಿಸಿದೆ. ‘ಕೊಟ್ಟವರು: ಕಣ್ಣಿನ ಡಾಕ್ಟರು’ ಎಂದು ನಾನು ಬರೆದದ್ದರ ಮೇಲೆ ಪೆನ್ಸಿಲಿನ ಒಂದು ಗೆರೆ. ಪಕ್ಕದಲ್ಲಿ ಅವರ ಸಣ್ಣ ಅಕ್ಷರ: ‘ಕಮಾಂಡರ್ ಸಾಹೇಬರು’. ತಾರೀಖು ಅದೇ ದಿನದ್ದು. ಡಾಕ್ಟರು ಎರಡು ಹನಿ ಔಷಧಿ ಬರೆದುಕೊಟ್ಟರು, ಅಷ್ಟೇ. ಊದಕೂಡದು ಎಂದಿದ್ದು ನಾನೇ ಮಗಳೇ. ಆ ಮಕ್ಕಳ ನಗು ಅವರಿಗೆ ಏನೂ ಅನ್ನಿಸಿರಲಿಲ್ಲ, ನನಗೆ ತಡೆಯಲಾಗಲಿಲ್ಲ. ಅವರಿಗೆ ಮೊದಲ ದಿನದಿಂದ ಗೊತ್ತಿದೆ. ಗೊತ್ತಿದ್ದೂ ಎಂಟು ತಿಂಗಳು ನನ್ನ ಮಾತು ಮೀರಲಿಲ್ಲ. ಡಾಕ್ಟರ ಕಾಗದ ಬೇಡ. ಈಗಷ್ಟೇ ‘ರದ್ದು’ ಎಂದು ಬರೆದು ನನ್ನ ಸಹಿ ಹಾಕಿದ್ದೇನೆ. ಐದಕ್ಕೆ ಇನ್ನು ಹತ್ತು ನಿಮಿಷ. ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಪುಸ್ತಕವೂ ಬೀಗದ ಕೈಯೂ ಮಡಿಲಲ್ಲಿವೆ, ಎದ್ದು ಅವರವರೆಗೆ ನಡೆಯುವುದೊಂದು ಬಾಕಿ. ನೀನು ಬರುವಾಗ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡು ಎರಡು ತಾ. ಹಳೆಯದು ಟ್ರಂಕಿನಲ್ಲಿ ಒಣಗಿ ಸೀಳಿರುತ್ತದೆ.