ಮರದ ಬುಡದ ಬಿಳಿ ಕೊಡೆ

ಸಸಿತೋಟದ ಮನೆ,
ಶುಕ್ರವಾರ ಬೆಳಿಗ್ಗೆ

ಮುದ್ದು ಮೊಮ್ಮಗಳೇ,

ಈ ಪತ್ರದಲ್ಲಿರುವ ಕಥೆಯನ್ನು ನನಗೆ ಮೊದಲು ಹೇಳಿದವಳು ನಿನ್ನ ಮುತ್ತಜ್ಜಿ, ನಾನು ಸೊಸೆಯಾಗಿ ಬಂದ ವರ್ಷ, ಸಸಿ ಚೀಲಕ್ಕೆ ಮಣ್ಣು ತುಂಬುತ್ತಾ. ಅದಕ್ಕೆ ಮೊದಲು ಹೇಳು, ಸೋದರತ್ತೆಯ ಮನೆಯಲ್ಲಿ ಸರಿಯಾಗಿ ಉಣ್ಣುತ್ತಿದ್ದೀಯಾ? ಇಲ್ಲಿಯ ಅಳು ನಿನ್ನ ಕಿವಿಗೆ ಬೀಳದಿರಲಿ ಎಂದೇ ನಿನ್ನನ್ನು ಕಳಿಸಿದ್ದು. ನಿನ್ನ ಅಮ್ಮ ನಿನ್ನೆ ಎರಡು ತುತ್ತು ಉಂಡಳು. ಒಳ್ಳೆಯ ಸುದ್ದಿ ಅಷ್ಟೇ.

ಕಾಡಿನ ಅಣಬೆ ತಿಂದು ನಿನ್ನ ತಮ್ಮ ಹೋದ ಮೇಲೆ ನಿನ್ನ ಅಪ್ಪ ಮಾತೇ ಬಿಟ್ಟಿದ್ದ. ನಿನ್ನೆ ಔಷಧಿ ಹೊಡೆಯುವ ಡಬ್ಬಿಯನ್ನು ಬೆನ್ನಿಗೇರಿಸಿ, "ಮಗು ತಿಂದ ಆ ಬಿಳಿ ಅಣಬೆ ಒಂದೂ ಉಳೀಬಾರದು" ಎಂದು ಕಾಡಂಚಿಗೆ ನಡೆದ. ತೋಟದ ಆಳುಗಳೂ ಹಿಂದೆಯೇ ಹೋದರು. ಸಂಜೆ ಅರ್ಧ ಕಾಡಂಚಿಗೆ ವಿಷ ಹೊಡೆದು ಬಂದು ಜಗಲಿಯಲ್ಲಿ ಕೂತರು. ಉಳಿದರ್ಧ ನಾಳೆ ಎಂದರು. ಆಗ ನಾನು ಕಥೆ ತೆಗೆದೆ.

ಮರಕ್ಕೆ ಅಡುಗೆ ಬರುತ್ತಿತ್ತಂತೆ, ದೂರದ ನೀರಿಗೆ ಕೈ ಎಟುಕುತ್ತಿರಲಿಲ್ಲ. ಅಣಬೆಗೆ ನೀರು ಹೊರಲು ಬರುತ್ತಿತ್ತು, ಒಲೆ ಹಚ್ಚಲು ಬಾರದು. ಇಬ್ಬರೂ ಒಟ್ಟಿಗೆ ಸಂಸಾರ ಹೂಡಿದರು. ನಮಗೆ ಕಾಣುವ ಕೊಡೆ ಅಣಬೆಯ ಹಣ್ಣಿದ್ದ ಹಾಗೆ. ಅದರ ಮೈಯೆಲ್ಲ ಮಣ್ಣಿನೊಳಗೆ, ಕೂದಲಿಗಿಂತ ಸಣ್ಣ ಎಳೆಗಳಾಗಿ ಬೇರಿಗೆ ಸುತ್ತಿಕೊಂಡಿರುತ್ತದೆ. ಎಳೆಗಳು ನೀರು, ಮಣ್ಣಿನ ಸಾರ ತಂದುಕೊಡುತ್ತವೆ. ಮರ ಬಿಸಿಲಲ್ಲಿ ಬೇಯಿಸಿದ ಸಿಹಿಯಲ್ಲಿ ಪಾಲು ಕೊಡುತ್ತದೆ. ನಾವು ಪ್ರತಿ ಸಸಿ ಚೀಲಕ್ಕೂ ದೊಡ್ಡ ಮರದ ಬುಡದ ಒಂದು ಹಿಡಿ ಮಣ್ಣು ಹಾಕುವುದು ಅದಕ್ಕೇ. ಕೊಲ್ಲುವ ಅಣಬೆಯೂ ಮರಕ್ಕೆ ಹೀಗೇ ದುಡಿಯುತ್ತದೆ. ಮಣ್ಣಿಗೆ ವಿಷ ಬಿದ್ದರೆ ಎಳೆ ಸಾಯುತ್ತದೆ, ಮರವೂ ಸೊರಗುತ್ತದೆ.

ಆಳುಗಳಲ್ಲಿ ಮಣ್ಣು ಹೊರುವವನು, "ಮತ್ತೆ ವಿಷ ಯಾಕಜ್ಜಿ ಇಟ್ಕೊಂಡಿದೆ?" ಎಂದ. "ಅದು ನಮ್ಮ ತಟ್ಟೆ ನೋಡ್ಕೊಂಡು ಹುಟ್ಟಿದ್ದಲ್ಲಪ್ಪ" ಎಂದೆ. ಯಾರೂ ನಗಲಿಲ್ಲ. ನಿನ್ನ ಅಪ್ಪ, "ಅಮ್ಮಾ, ನನ್ನ ಮಗನನ್ನ ತಿಂತು ಅದು. ನೀನು ಅದರ ಪರ ಮಾತಾಡ್ತೀಯಲ್ಲ" ಎಂದು ಎದ್ದುಹೋದ. ಹೋದ ಮಗು ನನಗೂ ಮೊಮ್ಮಗನೇ ತಾನೇ.

ಹೊತ್ತಿಗೆ ಸರಿಯಾಗಿ ಉಣ್ಣು. ಅತ್ತೆಗೆ ನಾನು ಕೇಳಿದೆನೆಂದು ಹೇಳು. ನೀನಾದರೂ ನೂರು ಕಾಲ ಬಾಳು ಕಂದಾ.

ನಿನ್ನ ಅಜ್ಜಿ

ಲಕೋಟೆ ಅಂಟಿಸುವ ಮೊದಲು ಇಷ್ಟು: ಈಗಷ್ಟೇ ಕಾಡಂಚಿಗೆ ಹೋಗಿ ನೋಡಿ ಬಂದೆ. ದೊಡ್ಡ ಮರದ ಬುಡದಲ್ಲಿ ಬಿಳಿ ಅಣಬೆಯೊಂದು ಎದ್ದಿತ್ತು. ನಿನ್ನ ಅಪ್ಪ ತುಳಿಯಲು ಕಾಲೆತ್ತಿದ. ಆದರೆ ಕಾಲನ್ನು ಪಕ್ಕಕ್ಕಿಟ್ಟ. ಸುತ್ತ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದ. "ಮಕ್ಕಳು ದಾಟಬಾರದು" ಎಂದಷ್ಟೇ ಅಂದ. ಆಮೇಲೆ ಅವನೂ ಆಳುಗಳೂ ವಿಷ ಬೀಳದ ಕಡೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ನಿನ್ನೆ ವಿಷ ಹೊಡೆದ ಮರಗಳ ಬುಡಕ್ಕೆ ಸುರಿಯತೊಡಗಿದರು. ಆ ಮರಗಳು ಉಳಿಯುತ್ತವೋ ಇಲ್ಲವೋ ಗೊತ್ತಿಲ್ಲ. ಹೊರುತ್ತಲೇ ಇದ್ದಾರೆ.