ವಿಳಾಸದ ಸಾಲು ಖಾಲಿ ಬಿಟ್ಟಿದ್ದೇನೆ

ಟೂ ಹಾರ್ಬರ್ಸ್, ಮಿನೆಸೋಟ
19 ಜುಲೈ 2009, ಭಾನುವಾರ

ಪ್ರೀತಿಯ ರೇನೊ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೋ, ಇಲ್ಲ ನಾನು ಕಟ್ಟಿಕೊಟ್ಟ ಮುಲಾಮು ಇನ್ನೂ ಚೀಲದ ತಳದಲ್ಲೇ ಇದೆಯೋ? ಹಚ್ಚಿಕೋ ಮಾರಾಯ, ಅದು ಅಲಂಕಾರಕ್ಕೆ ಕೊಟ್ಟದ್ದಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಬೇರೆಯವರ ಗಂಡಂದಿರು ವಾರಕ್ಕೊಮ್ಮೆ ಹಡಗಿಗೆ ಅದಿರು ತುಂಬಿಸಲು ನಮ್ಮೂರ ಬಂದರುಕಟ್ಟೆಗೆ ಬಂದು ಮುಖ ತೋರಿಸಿ ಹೋಗುತ್ತಾರೆ. ನಿಮ್ಮ ಹಡಗು ಮಾತ್ರ ಈ ವರ್ಷ ಕೆಳಗಿನ ಸರೋವರಗಳಲ್ಲೇ ಕಲ್ಲು ಹೊತ್ತು ತಿರುಗುತ್ತಿದೆ. ನನಗೆ ಎಷ್ಟು ಹೊಟ್ಟೆಯುರಿಯುತ್ತದೆ ಗೊತ್ತಾ? ಡೆಟ್ರಾಯ್ಟ್ ಹೊಳೆಯಲ್ಲಿ ಅಂಚೆ ದೋಣಿಯವರು ಈ ಕಾಗದವನ್ನು ಬಕೆಟ್ಟಿಗೆ ಹಾಕುತ್ತಾರೆ, ನೀವು ಮೇಲಿಂದ ಹಗ್ಗ ಎಳೆದುಕೊಳ್ಳುತ್ತೀರಿ ಎಂದು ಕಾಯಾಗೆ ಹೇಳಿದೆ. "ಅಪ್ಪ ಬಾವಿಯಿಂದ ಕಾಗದ ಸೇದ್ತಾನಾ?" ಎಂದು ಕೇಳಿದಳು ನಿನ್ನ ಮಗಳು.

ಈಗ ಮನೆಯ ವಿಷಯ. ಜೂನಿನಲ್ಲಿ ಬೀಗದ ಕೈ ತೆಗೆದುಕೊಂಡಾಗ ನಾವು ಗೋಡೆ ನೋಡಿದೆವು, ಕಿಟಕಿ ನೋಡಿದೆವು, ಸರೋವರ ಕಾಣುತ್ತದೆ ಎಂದು ಕುಣಿದಾಡಿದೆವು. ಮನೆ ಬೆಚ್ಚಗಿಡುವ ಬಾಯ್ಲರನ್ನು ಸರಿಯಾಗಿ ನೋಡಲಿಲ್ಲ. ಅದು ಒಡೆದಿದೆಯಂತೆ. ರಿಪೇರಿಯವನು ಅದರ ಹೊಟ್ಟೆಗೆ ಎರಡು ಸಲ ತಟ್ಟಿ, "ಇದ್ರ ಕಥೆ ಮುಗೀತು ಅಕ್ಕ, ಚಳಿಗಾಲಕ್ಕೆ ಇದನ್ನ ನಂಬ್ಕೊಂಡು ಕೂರಬೇಡಿ" ಎಂದ. ಹೊಸದಕ್ಕೆ ಆರು ಸಾವಿರ ಡಾಲರ್. ಇದ್ದಬದ್ದದ್ದನ್ನೆಲ್ಲ ಮನೆಗೇ ಸುರಿದಿದ್ದೇವೆ. ಎಲ್ಲಿಂದ ತರಲಿ? ಅತ್ತೆಗೆ ಸುದ್ದಿ ಮುಟ್ಟಿದ ಕೂಡಲೇ, "ಅದಕ್ಕ್ಯಾಕೆ ಅಳ್ತೀಯ, ನನ್ ಮನೆ ಕೆಳಗಡೆ ಖಾಲಿ ಇದ್ಯಲ್ಲ, ವಾಪಸ್ ಬಂದ್ಬಿಡಿ" ಎಂದರು. ಅವರದು ಒಳ್ಳೆಯ ಮನಸ್ಸು, ಬೇರೆ ಮಾತಿಲ್ಲ. ಆದರೆ ಮದುವೆಯಾದಾಗಿನಿಂದ ಆರು ವರ್ಷ ಆ ನೆಲಮಾಳಿಗೆಯಲ್ಲಿ ಮೇಲಿನ ಹೆಜ್ಜೆ ಸದ್ದು ಕೇಳುತ್ತಾ ಬದುಕಿದ್ದೇನೆ. ಮತ್ತೆ ಅಲ್ಲಿಗೆ ಇಳಿಯಬೇಕೆಂದರೆ ನನ್ನ ಕೈಲಾಗದು ರೇನೊ.

ಮೊದಲ ಸಲ ಮನೆ ಕೊಂಡವರಿಗೆ ಸರ್ಕಾರ ಈ ವರ್ಷ ಎಂಟು ಸಾವಿರ ಡಾಲರ್ ತೆರಿಗೆ ವಾಪಸ್ ಕೊಡುತ್ತದಲ್ಲ, ಅದು ಬರುವುದು ಬರುವ ವಸಂತದಲ್ಲಿ, ಲೆಕ್ಕ ಸಲ್ಲಿಸಿದ ಮೇಲೆ ಎಂದೇ ನಾವಿಬ್ಬರೂ ತಿಳಿದಿದ್ದೆವು. ಅಷ್ಟರಲ್ಲಿ ನಾವು ಮಂಜುಗಡ್ಡೆಯಾಗಿರುತ್ತೇವೆ! ಲೈಬ್ರರಿಯಲ್ಲಿ ತೆರಿಗೆ ಕಾಗದ ತುಂಬಿಕೊಡುವ ಆರ್ಡಿಸ್ ಬ್ಯೋರ್ಕ್ಲಂಡ್ ಇದ್ದಾರಲ್ಲ, ನಿನಗೆ ಶಾಲೆಯಲ್ಲಿ ಟೈಪಿಂಗ್ ಕಲಿಸಿದವರು, ಅವರನ್ನು ಹೋಗಿ ಕೇಳಿದೆ. "ಲಾಹ್ತಿಯವರ ಮನೆ ಹುಡುಗನ ಹೆಂಡ್ತೀನಾ? ಎರಡೇ ಬೆರಳಲ್ಲಿ ಕುಟ್ತಿದ್ದ ಅವ್ನು!" ಎಂದು ನಕ್ಕು, ಕೂರಿಸಿ, ತಿಳಿಸಿ ಹೇಳಿದರು. ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. ಸಲ್ಲಿಸಿಯಾದ ಹೋದ ವರ್ಷದ ಲೆಕ್ಕವನ್ನೇ ತಿದ್ದಿ, ಮನೆ ಕೊಂಡ ಪತ್ರದ ನಕಲು ಇಟ್ಟು ಈಗಲೇ ಮತ್ತೆ ಕಳಿಸಬಹುದು. ಈಗ ಕಳಿಸಿದರೆ ಹಿಮ ಗಟ್ಟಿಯಾಗುವ ಮೊದಲು ಚೆಕ್ ಕೈಗೆ ಬರುವ ಸಂಭವ ಉಂಟು. ನನಗೆ ಅಲ್ಲೇ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಹಳೆಯ ಲೆಕ್ಕ ಬಿಚ್ಚಿ ನೋಡಿದವರು ಕನ್ನಡಕ ಮೇಲೆ ಮಾಡಿ, "ಇದೇನಮ್ಮ, ನಿನ್ ಗಂಡನಿಗೆ ಆಗ್ಲೇ ಒಂದು ಮನೆ ಇದ್ಯಲ್ಲ?" ಎಂದರು. ಮೇಲುಗಡೆ ನೀನು ಬರೆದಿದ್ದ ವಿಳಾಸ ಯಾವುದು ಹೇಳು? ಕಾಡಿನೊಳಗಿನ ಜಿಂಕೆ ಬೇಟೆಯ ಗುಡಿಸಲು! ಮಾವ ನಿಮ್ಮ ಅಣ್ಣತಮ್ಮಂದಿರಿಬ್ಬರಿಗೂ ಬಿಟ್ಟುಹೋದ ಆ ನಾಲ್ಕು ಹಲಗೆಯ ಡಬ್ಬ. ಲೈಸೆನ್ಸಿನಲ್ಲೂ ಅದೇ, ಬ್ಯಾಂಕಿನಲ್ಲೂ ಅದೇ. ಅಮ್ಮನ ಮನೆಯ ನೆಲಮಾಳಿಗೆ ಎಂದು ಬರೆಯಲು ನಿನಗೆ ಎಂದೂ ಮನಸ್ಸು ಬರಲಿಲ್ಲ ಎಂದು ನನಗೆ ಗೊತ್ತು. ಹಡಗಿನವರೆಲ್ಲ ಹೀಗೇ, ದಡದಲ್ಲಿ ಒಂದು ಬಾಗಿಲಾದರೂ ತನ್ನದು ಅನ್ನಿಸಬೇಕು ನಿಮಗೆ. ಬೈಯುತ್ತಿಲ್ಲ. ಆದರೆ ಕಳೆದ ಮೂರು ವರ್ಷ ಸ್ವಂತ ಮನೆಯಲ್ಲಿ ವಾಸವಿದ್ದವನಿಗೆ ಈ ಹಣ ಇಲ್ಲ. ಅದು ವಾಸದ ಮನೆಯಲ್ಲ, ಬರೀ ಗುಡಿಸಲು ಎಂದು ಜೊತೆ ಮಾಲೀಕ ಸಹಿ ಹಾಕಿ ಬರೆದುಕೊಟ್ಟರೆ ಒಳ್ಳೆಯದು, ತೆರಿಗೆಯವರು ಕೇಳಿದರೆ ತೋರಿಸಬಹುದು ಎಂದರು ಆರ್ಡಿಸ್. ಜೊತೆ ಮಾಲೀಕ ಎಂದರೆ ನಿನ್ನ ಅಣ್ಣ.

ಡ್ವೇನ್ ಮನೆಗೆ ಹೋಗಲು ನನಗೆಷ್ಟು ಭಯವಾಯಿತು ಗೊತ್ತೇ? ಹೋದ ನವೆಂಬರಿನಲ್ಲಿ ರಜೆ ಹಾಕಿ ಬೇಟೆಗೆ ಹೋದ ನೀನು, ಡ್ವೇನ್ ಎಲ್ಲರೆದುರು ಆ ಗುಡಿಸಲು ತೋರಿಸಿ "ನಿನ್ ಅರಮನೇಲಿ ಚಳಿಗಾಲಕ್ಕೆ ಇಲಿಗಳೂ ಇರಲ್ವಲ್ಲೋ" ಎಂದಿದ್ದಕ್ಕೆ ಬಂದೂಕು ಹೆಗಲಿಗೇರಿಸಿಕೊಂಡು ಅರ್ಧ ದಾರಿ ನಡೆದುಬಂದೆ. ಅಂದಿನಿಂದ ಮಾತಿಲ್ಲ, ಕಥೆಯಿಲ್ಲ. ಏಲಕ್ಕಿ ಬ್ರೆಡ್ಡು ಬೇಯಿಸಿ ಕಾಯಾಳ ಕೈಯಲ್ಲಿ ಕೊಟ್ಟು, ಅವಳನ್ನೇ ಮುಂದೆ ಬಿಟ್ಟುಕೊಂಡು ಹೋದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಒಂದು ತುಂಡು ಬ್ರೆಡ್ಡು ತಿಂದು ಮುಗಿಸಿದ. ಆಮೇಲೆ, "ಚಿಕ್ಕ ಮಗೂನ ಮತ್ತೆ ಆ ಕತ್ತಲೆ ಕೋಣೇಲಿ ಮಲಗಿಸ್ತೀರಾ? ನಡಿ, ಎಲ್ಲಿ ಸಹಿ ಹಾಕ್ಬೇಕು?" ಎಂದು ಎದ್ದುಬಿಟ್ಟ. ಆರ್ಡಿಸ್ ಮುಂದೆ ಕೂತು ಅವನೇ ಹೇಳಿ ಬರೆಸಿದ: ನೀರಿಲ್ಲ, ಕರೆಂಟಿಲ್ಲ, ಬೇಟೆಯ ವಾರ ಬಿಟ್ಟರೆ ಯಾರೂ ಮಲಗುವುದಿಲ್ಲ, ಚಳಿಗಾಲದಲ್ಲಿ ಇಲಿಗಳೂ ಇರುವುದಿಲ್ಲ. ಇಲಿಯದು ಬೇಡ ಎಂದು ಆರ್ಡಿಸ್ ಹೊಡೆದುಹಾಕಲು ಹೋದರೆ, "ಅದೇ ಮುಖ್ಯ ಮೇಡಂ, ಅದಕ್ಕೇ ನನ್ ತಮ್ಮ ನನ್ ಹತ್ರ ಮಾತು ಬಿಟ್ಟಿರೋದು" ಎಂದ. ನಗುತ್ತಲೇ ಅಂದ, ಆದರೆ ಅವನ ಕಣ್ಣು ತುಂಬಿತ್ತು. ನನಗೂ ಅಳು ಬಂತು.

ನಿನ್ನೆ ಬೆಳಿಗ್ಗೆ ತಾನಾಗಿಯೇ ಬಂದು ಹಳೆಯ ಬಾಯ್ಲರನ್ನು ಬಿಚ್ಚಿ, ತುಂಡು ತುಂಡಾಗಿ ಹೊರಗೆ ಹಾಕಿದ. ಹೊಸದು ಬಂದಾಗ ಕೂರಿಸುವವನೂ ಅವನೇ ಅಂತೆ. ಕೂಲಿ ಮಾತೆತ್ತಿದರೆ ಗದರಿಸಿದ. ರೇನೊ, ನಮಗೆ ಎಷ್ಟು ಜನ ಇದ್ದಾರೆ! ಇದನ್ನೆಲ್ಲ ತೀರಿಸಲು ನಮ್ಮಿಂದ ಆಗುವುದಿಲ್ಲ, ನೆನೆಯುತ್ತಿರೋಣ ಅಷ್ಟೆ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಕಾಯಾ ಎರಡು ಮುತ್ತು ಕಳಿಸಿದ್ದಾಳೆ. ಡೆಕ್ಕಿನ ಮೇಲೆ ಹುಷಾರು.

ನಿನ್ನ,
ಮಾರ್ಲಿಸ್

ಮರೆತಿದ್ದೆ: ತಿದ್ದಿದ ಲೆಕ್ಕದ ಕಾಗದ ಇದರೊಳಗೇ ಇದೆ. ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ನನ್ನದು ಆಗಿದೆ, ನಿನ್ನದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಸಹಿ ಹಾಕಿ ಮುಂದಿನ ಬಂದರಿನಲ್ಲೇ ಅಂಚೆಗೆ ಹಾಕು. ಅಣ್ಣನಿಗೆ ಒಂದು ಫೋನ್ ಮಾಡು. ಮೇಲುಗಡೆ ವಿಳಾಸದ ಸಾಲು ಖಾಲಿ ಇದೆ. ಆರ್ಡಿಸ್ ಟೈಪ್ ಮಾಡಲು ಹೊರಟಿದ್ದರು, ನಾನೇ ತಡೆದೆ. ಅದನ್ನು ನೀನೇ ಬರೆಯಬೇಕು, ನಿನ್ನ ಕೈಯಾರೆ. ಮನೆ ನಂಬರು ಮರೆತಿದ್ದರೆ ಲಕೋಟೆಯ ಹಿಂದೆ ನೋಡು, ಕಾಯಾ ಬರೆದಿದ್ದಾಳೆ. ಅವಳು ಬರೆದ ಏಳರ ಅಂಕಿ ತಿರುವುಮುರುವಾಗಿದೆ, ಆದರೂ ಮನೆ ನಮ್ಮದೇ.